ದವಾಖಾನೆಗೆ ಹೋಗುವವರ ಹಾಲು

ನಮ್ಮ ಹೋಟೆಲಿನ ಬಗ್ಗೆ ಜನ ಫೋನಿನಲ್ಲಿ ಏನೇನೋ ಬರೆಯುತ್ತಾರೆ. ಬಂದ ಗಿರಾಕಿಗಳೇ ಗಲ್ಲಾದ ಹತ್ತಿರ ನಿಂತು ನನಗೆ ಓದಿ ಹೇಳುತ್ತಾರೆ. ದಾವಣಗೆರೆಗೆ ಹೋದರೆ ಇಲ್ಲಿಗೆ ಹೋಗಿ, ದೋಸೆ ಹಾಗಿರಲಿ, ಮನೆಗೆ ಬಂದ ನೆಂಟರನ್ನು ನೋಡಿಕೊಂಡಂತೆ ನೋಡಿಕೊಳ್ಳುತ್ತಾರೆ, ಗಲ್ಲಾದಲ್ಲಿ ಕೂತ ಅಮ್ಮ ಪ್ರತಿಯೊಬ್ಬರನ್ನೂ ಮಾತಾಡಿಸುತ್ತಾರೆ ಎಂದೆಲ್ಲ. ಐದಕ್ಕೆ ಐದು ನಕ್ಷತ್ರ ಕೊಟ್ಟಿರುತ್ತಾರೆ. ಆ ಅಮ್ಮ ನಾನೇ. ಅವರು ಓದುತ್ತಿದ್ದರೆ ನಾನು ಚಟ್ನಿ ನೋಡಿಕೊಂಡು ಬರುತ್ತೇನೆ ಎಂದು ಎದ್ದು ಒಳಗೆ ಹೋಗುತ್ತೇನೆ. ಅಮ್ಮನಿಗೆ ಸಂಕೋಚ ಎಂದು ಅವರು ನಗುತ್ತಾರೆ. ಸಂಕೋಚ ಹೌದು. ಯಾವುದರ ಸಂಕೋಚ ಎಂದು ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತೇನೆ.

ಹೋಟೆಲು ದೊಡ್ಡದೇನಲ್ಲ. ಪಿ.ಜೆ. ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ ಆರು ಮೇಜು, ಹಿಂದೆ ಕಟ್ಟಿಗೆ ಒಲೆ, ಒಲೆಯ ಮೇಲೆ ಅಗಲವಾದ ಹಂಚು. ಹಂಚಿನ ಮುಂದೆ ನಮ್ಮ ಯಜಮಾನರು, ಗಲ್ಲಾದಲ್ಲಿ ನಾನು. ಅವರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರು ಆಡದೆ ಬಿಟ್ಟ ಮಾತನ್ನೆಲ್ಲ ನಾನು ಆಡುತ್ತೇನೆ. ನಮ್ಮ ಬೀದಿಯ ತುಂಬ ಡಾಕ್ಟರುಗಳು. ಈ ಕಡೆ ಮೂಳೆಯವರು, ಆ ಕಡೆ ಮಕ್ಕಳವರು, ನಡುವೆ ಸ್ಕ್ಯಾನಿಂಗು, ರಕ್ತ ಪರೀಕ್ಷೆ, ಔಷಧಿ ಅಂಗಡಿ. ಹೀಗಾಗಿ ನಮಗೆ ಎರಡು ಥರದ ಗಿರಾಕಿಗಳು. ಬೆಣ್ಣೆ ಕರಗುವ ಮುಂಚೆ ಫೋಟೋ ಹೊಡೆಯಬೇಕೆಂದು ಓಡಿ ಬರುವವರು ಒಂದು ಥರ. ಕಂಕುಳಲ್ಲಿ ಎಕ್ಸ್‌ರೇ ಕವರು ಹಿಡಿದು, ಒಳಗೆ ಬರಲೋ ಬೇಡವೋ ಎಂದು ಮೆಟ್ಟಿಲ ಮೇಲೆ ನಿಲ್ಲುವವರು ಇನ್ನೊಂದು ಥರ. ಹೊನ್ನಾಳಿ, ಜಗಳೂರು, ಹರಪನಹಳ್ಳಿ, ರಾಣೆಬೆನ್ನೂರು, ಎಲ್ಲೆಲ್ಲಿಂದಲೋ ಬರುತ್ತಾರೆ. ನನಗೆ ಈ ಎರಡನೇ ಥರದವರ ಮೇಲೇ ಮೊದಲಿನಿಂದ ಕಣ್ಣು. "ಯಾವೂರ್ರಿ? ಕೂಡ್ರಿ, ಯಾಕ ನಿಂತೀರಿ" ಎಂದರೆ ಸಾಕು, ಅವರ ಮುಖ ಸಡಿಲವಾಗುತ್ತದೆ. ಕವರಿನ ಬಣ್ಣ ನೋಡಿಯೇ ಯಾವ ಡಾಕ್ಟರ ಹತ್ತಿರ ಹೋಗಿ ಬಂದಿದ್ದಾರೆ ಎಂದು ಹೇಳಬಲ್ಲೆ. ಆ ಜಂಬ ನನಗೆ ಇತ್ತು.

ಇದನ್ನೆಲ್ಲ ಕಲಿಸಿದ್ದು ನಮ್ಮ ಅತ್ತೆ. ಹೋಟೆಲು ಅವರು ಶುರು ಮಾಡಿದ್ದು. ದೋಸೆ ಹಿಟ್ಟಿಗೆ ಮಂಡಕ್ಕಿ ಎಷ್ಟು ಹಾಕಬೇಕು ಎಂಬುದನ್ನು ಒಂದೇ ದಿನದಲ್ಲಿ ಹೇಳಿಕೊಟ್ಟರು, ಜನರನ್ನು ಕೂರಿಸುವುದನ್ನು ಹೇಳಿಕೊಡಲು ವರ್ಷಗಟ್ಟಲೆ ಹಿಡಿಯಿತು. ಅವರ ಒಂದು ಪದ್ಧತಿ ಎಂದರೆ ಹಾಲು. ಯಾರಾದರೂ ದವಾಖಾನೆಯ ದೊಡ್ಡ ಕೆಲಸಕ್ಕೆ ಹೊರಟಿದ್ದಾರೆ, ಹೆರಿಗೆಗೆ ಸೇರುತ್ತಾರೆ, ಕೆಟ್ಟ ರಿಪೋರ್ಟು ತರಲು ಹೋಗುತ್ತಾರೆ ಎಂದು ಗೊತ್ತಾದರೆ, ಅವರನ್ನು ಗಲ್ಲಾದ ಮುಂದೆ ನಿಲ್ಲಿಸಿ ಒಂದು ಲೋಟ ಹಾಲು ಕೊಡುವುದು. ಸಕ್ಕರೆ, ಒಂದು ಚಿಟಿಕೆ ಏಲಕ್ಕಿ. ಮನೆಯ ಹೆಣ್ಣುಮಗಳೇ ಕೈಯಾರೆ ಕೊಡಬೇಕು, ಕುಡಿಯುವ ತನಕ ಎದುರಿಗೆ ನಿಲ್ಲಬೇಕು. ಬರಿ ಹೊಟ್ಟೆಯಲ್ಲಿ ಯಾರೂ ಆ ಬಾಗಿಲು ದಾಟಬಾರದು ಎಂಬುದು ಅತ್ತೆಯ ಹಟ. ಅವರು ಹೋದ ಮೇಲೆ ಆ ಕೆಲಸ ನನ್ನದಾಯಿತು.

ಹಾಲು ಕುಡಿದು ಹೋದವರು ವಾಪಸ್ ಬಂದು ಹೇಳುತ್ತಿದ್ದರು. "ಅವ್ವಾರೆ, ನಿಮ್ಮ ಹಾಲು ಕುಡಿದು ಹೋದೆ ನೋಡ್ರಿ, ಗಂಟು ಏನೂ ಅಲ್ಲ ಅಂದ್ರು." "ಸೊಸೆಗೆ ಸಲೀಸಾಗಿ ಹೆರಿಗೆ ಆತು." ಪೇಡೆ ತಂದುಕೊಡುತ್ತಿದ್ದರು. ಒಳ್ಳೆಯದಾಗದವರು ಯಾಕೆ ವಾಪಸ್ ಬಂದು ಹೇಳುತ್ತಾರೆ? ಈ ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲೇ ಇಲ್ಲ. ಆಪರೇಷನ್ ಇದ್ದವರು ಹಿಂದಿನ ದಿನವೇ ಆಸ್ಪತ್ರೆಗೆ ಸೇರುತ್ತಿದ್ದರು, ಹಾಲು ಕುಡಿಯುವುದು ಹಿಂದಿನ ಸಂಜೆ. ಅದಕ್ಕೇ ಇಷ್ಟು ವರ್ಷ ಏನೂ ಆಗಲಿಲ್ಲ. ಇದನ್ನೂ ನಾನು ಆಮೇಲೆಯೇ ಯೋಚಿಸಿದ್ದು.

ಆ ಗಂಡಹೆಂಡತಿ ಬಂದದ್ದು ಒಂದು ಮಧ್ಯಾಹ್ನ. ಅವನು ಎತ್ತರದ ಆಳು, ಬಿಳಿ ಪಂಚೆ, ಮಾತಾಡುವಾಗ ನೆಲ ನೋಡುವವನು. ಅವಳು ಸಣ್ಣಗೆ, ನಲವತ್ತರ ಆಸುಪಾಸು, ಕೈತುಂಬ ಹಸಿರು ಬಳೆ.

"ಯಾವೂರ್ರಿ?" ಎಂದೆ.

"ಹರಿಹರದ ಹತ್ರ ಸಾರಥಿ ಅಕ್ಕಾರೆ," ಎಂದಳು ಅವಳೇ. "ಹೊಟ್ಟೆನೋವು ಅಂತ ಬಂದ್ರೆ ಎಲ್ಲಾ ಕಡೆ ತೂರ್ಸಿ ತೂರ್ಸಿ ನೋಡಾಕತ್ಯಾರೆ. ಏನು ಕಳಕೊಂಡಾರೋ ನನ್ನ ಹೊಟ್ಟ್ಯಾಗೆ."

ನನಗೆ ನಗು ತಡೆಯಲಾಗಲಿಲ್ಲ. ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಆವತ್ತೇ ನನಗೆ ಅವಳು ಹಿಡಿಸಿದಳು. ಆಮೇಲೆ ಡಾಕ್ಟರ ಹತ್ತಿರ ಬಂದಾಗಲೆಲ್ಲ ನಮ್ಮಲ್ಲಿಗೆ ಬರುತ್ತಿದ್ದರು. ಗಂಡ ದೋಸೆ ತಿಂದು ಹೊರಗೆ ನಿಂತರೆ ಅವಳು ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕೂತು ಲೋಕದ ಮಾತೆಲ್ಲ ಆಡುತ್ತಿದ್ದಳು. "ಅಕ್ಕಾರೆ, ನೀವು ಇಷ್ಟು ಬೆಣ್ಣೆ ತಿನ್ಸಿ ಎದುರಿನ ಡಾಕ್ಟ್ರ ಹತ್ರ ಕಳಿಸ್ತೀರಿ, ಅವ್ರು ಗುಣಮಾಡಿ ನಿಮ್ಮ ಹತ್ರ ಕಳಿಸ್ತಾರೆ. ಚಲೋ ಹೊಂದಾಣಿಕೆ ಬಿಡ್ರಿ," ಎಂದು ಒಂದು ದಿನ ಹೋಟೆಲಿನವರೆಲ್ಲ ಕೇಳುವಂತೆ ಹೇಳಿದಳು. ನಮ್ಮ ಯಜಮಾನರು ಕೂಡ ನಕ್ಕರು. ಒಲೆಯ ಮುಂದೆ ಅವರು ನಗುವುದು ಅಪರೂಪ.

ಅವಳ ಹೊಟ್ಟೆಯಲ್ಲಿ, ಗರ್ಭಕೋಶದ ಪಕ್ಕದಲ್ಲಿ, ಒಂದು ಗಡ್ಡೆ ಇತ್ತು. ಒಳ್ಳೆಯ ಗಡ್ಡೆಯಲ್ಲ. ಈಗ ತೆಗೆದರೆ ಹೆಚ್ಚು ಕಡಿಮೆ ಪೂರ್ತಿ ಗುಣವಾಗುತ್ತದೆ, ಬಿಟ್ಟರೆ ಹಬ್ಬುತ್ತದೆ ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಗಂಡ ಅದನ್ನು ನನಗೆ ನೆಲ ನೋಡುತ್ತಲೇ ಹೇಳಿದ. ಅವಳು ಒಪ್ಪಲಿಲ್ಲ. ಊರಲ್ಲಿ ಒಬ್ಬಾಕೆ ಆಪರೇಷನ್ ಎಂದು ಹೋದವಳು ಮನೆಗೆ ಬಂದಿರಲಿಲ್ಲವಂತೆ. "ಕತ್ತರಿ ಒಂದು ಬ್ಯಾಡ ಅಕ್ಕಾರೆ. ಗುಳಿಗೆ ಎಷ್ಟು ಬೇಕಾದ್ರೂ ಕೊಡ್ಲಿ, ನುಂಗ್ತೀನಿ," ಎನ್ನುತ್ತಿದ್ದಳು. ನಗು ಮಾತು ಎಲ್ಲ ಅಲ್ಲಿಗೆ ನಿಲ್ಲುತ್ತಿತ್ತು. ಬಳೆ ತಿರುಗಿಸುತ್ತಾ ಕೂರುತ್ತಿದ್ದಳು.

ಅವಳನ್ನು ಒಪ್ಪಿಸಿದವಳು ನಾನು. ಗಂಡ ಹೇಳಿ ಸೋತ, ಹರಿಹರದಲ್ಲಿ ಕಾಲೇಜಿಗೆ ಹೋಗುವ ಮಗಳು ಅತ್ತು ಸೋತಳು. ನಾನು ಎರಡು ತಿಂಗಳು ಬಿಡದೆ ಹಿಂದೆ ಬಿದ್ದೆ. ಬೈದೆ, ನಗಿಸಿದೆ, ಮಗಳ ಮದುವೆಯಲ್ಲಿ ಸೆರಗು ಸಿಕ್ಕಿಸಿ ಓಡಾಡಬೇಕೋ ಬೇಡವೋ ಎಂದು ಕೇಳಿದೆ. ಕಡೆಗೆ ಒಂದು ದಿನ, "ನೀವು ಇರ್ತೀರೇನ್ರಿ ಅವತ್ತು?" ಎಂದಳು.

"ನಾನೆಲ್ಲಿಗೆ ಹೋಗ್ಲಿ? ಐವತ್ತು ಹೆಜ್ಜೆ ಆಚೆ ಇಲ್ಲೇ ಕೂತಿರ್ತೀನಿ. ಒಳಗೆ ಹೋಗೋ ಮುಂಚೆ ನನ್ನ ಮುಖ ನೋಡಿ ಹೋಗು ತಂಗಿ."

ಅದಕ್ಕೆ ಹೂಂ ಎಂದಳು. ಗಂಡ ನನ್ನ ಕಡೆ ಕೈ ಮುಗಿದ. ಆ ರಾತ್ರಿ ನಾನು ಮನೆಯಲ್ಲಿ ಇದನ್ನು ಎಷ್ಟು ಸಲ ಹೇಳಿದೆನೋ, ಯಜಮಾನರು "ಸಾಕು ಮಲಕ್ಕೊ" ಎಂದರು.

ಆಪರೇಷನ್ ಮಾಡುವ ದೊಡ್ಡ ಡಾಕ್ಟರು ಬೇರೆ ಊರಿನವರು. ಹದಿನೈದು ದಿನಕ್ಕೊಂದು ಸಲ ಬೆಳಗ್ಗೆ ಬಂದು ಮಧ್ಯಾಹ್ನ ಹೊರಡುವವರು. ಅವಳ ಸರದಿ ಒಂದು ಸೋಮವಾರ ಬಂತು. ಹಿಂದಿನ ದಿನ ಆಸ್ಪತ್ರೆಯಲ್ಲಿ ಮಂಚ ಖಾಲಿ ಇರಲಿಲ್ಲ. ಬೆಳಗ್ಗೆ ಏಳೂವರೆಗೆ ಬಂದು ಸೇರಿಕೊಳ್ಳಿ ಎಂದಿದ್ದರು. ಮೊದಲ ಬಸ್ಸಿಗೆ ಹೊರಟು ಏಳು ಗಂಟೆಗೆಲ್ಲ ನಮ್ಮ ಹೋಟೆಲಿನ ಮೆಟ್ಟಿಲು ಹತ್ತಿದರು, ನಾನು ಹೇಳಿದ್ದೆನಲ್ಲ, ಮುಖ ನೋಡಿ ಹೋಗು ಎಂದು.

ಅವಳ ಕೈಯಲ್ಲಿ ಬಳೆ ಇರಲಿಲ್ಲ. ಆಸ್ಪತ್ರೆಯವರು ತೆಗೆದು ಬರಲು ಹೇಳಿದ್ದರು. ಬರಿ ಮುಂಗೈ ನೋಡಿ ನನಗೆ ಒಂಥರಾ ಆಯಿತು. ತುಟಿ ಒಣಗಿತ್ತು, ಕೈ ಹಿಡಿದರೆ ತಣ್ಣಗಿತ್ತು. ನಾನು ಹಾಲಿನ ಪಾತ್ರೆಯ ಕಡೆ ತಿರುಗಿದೆ.

"ಅಕ್ಕಾರೆ, ರಾತ್ರಿಯಿಂದ ಏನೂ ತಗಳಂಗಿಲ್ಲ ಅಂದಾರೆ. ನೀರೂ ಬ್ಯಾಡ ಅಂದಾರೆ," ಎಂದ ಗಂಡ.

"ತಿನ್ನಬ್ಯಾಡ ಅಂದಿರ್ತಾರೆ ಕಣಪ್ಪ. ಹಾಲು ತಿಂಡಿ ಏನು? ಇವತ್ತು ಸೋಮವಾರ, ನಾನೂ ಉಪವಾಸನೇ. ಈಗ ತಾನೇ ಹಾಲು ಕುಡಿದೀನಿ. ನನ್ನ ಉಪವಾಸ ಮುರೀತೇನು?"

ಇದು ನನ್ನ ಮಾತು, ಒಂದಕ್ಷರ ಬಿಟ್ಟಿಲ್ಲ. ಅವನು ನೀರೂ ಬೇಡ ಎಂದದ್ದು ನನಗೆ ಸರಿಯಾಗಿ ಕೇಳಿಸಿತ್ತು. ಡಾಕ್ಟರುಗಳು ಎಲ್ಲದಕ್ಕೂ ಬೇಡ ಎನ್ನುತ್ತಾರೆ, ನಾವು ನಮ್ಮ ಲೆಕ್ಕದಲ್ಲಿ ಸ್ವಲ್ಪ ಕಳೆದುಕೊಳ್ಳಬೇಕು ಎಂದೇ ನಾನು ತಿಳಿದಿದ್ದೆ. ಬೆಣ್ಣೆ ಬೇಡ ಎಂದವರ ರೋಗಿಗಳೇ ನಮ್ಮಲ್ಲಿ ಬಂದು ಬೆಣ್ಣೆ ದೋಸೆ ತಿನ್ನುವುದಿಲ್ಲವೇ? ನಲವತ್ತು ವರ್ಷದ ಸೋಮವಾರಗಳಲ್ಲಿ ಹಾಲು ಕುಡಿದುಕೊಂಡೇ ಉಪವಾಸ ಮಾಡಿದವಳು ನಾನು. ನನಗಿಂತ ಅವರಿಗೆ ಹೆಚ್ಚು ಗೊತ್ತೇ ಎಂಬ ಧಿಮಾಕು.

ಒಲೆಯ ಹತ್ತಿರದಿಂದ ಯಜಮಾನರು ತಿರುಗಿ ನೋಡಿದರು. "ನೀರೂ ಬ್ಯಾಡ ಅಂದಾರಂತೆ. ಕೇಳಿಸ್ಲಿಲ್ಲೇನು ನಿನಗೆ?"

"ನೀವು ದೋಸೆ ನೋಡ್ರಿ, ಸೀದೀತು," ಎಂದೆ.

ಅವರು ದೋಸೆ ನೋಡಿದರು. ನಾನು ಲೋಟ ಅವಳ ಕೈಗೆ ಕೊಟ್ಟೆ. ಅವಳು ಗಂಡನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ಕಣ್ಣು ಮುಚ್ಚಿ ಗಟಗಟ ಕುಡಿದಳು, ಹನಿಯೂ ಬಿಡದೆ. ಸೆರಗಿನಿಂದ ಬಾಯಿ ಒರೆಸಿಕೊಂಡು, "ಈಗ ಧೈರ್ಯ ಬಂತು ನೋಡ್ರಿ," ಎಂದಳು. ನನಗೆ ಎಷ್ಟು ಸಂತೋಷವಾಯಿತು ಎಂದರೆ, ಅತ್ತೆ ಬದುಕಿದ್ದು ನೋಡಬೇಕಿತ್ತು ಎನ್ನಿಸಿತು.

ಹತ್ತು ಗಂಟೆಗೆ ಅವರಿಬ್ಬರೂ ವಾಪಸ್ ಬಂದರು. ಬಾಗಿಲಲ್ಲಿ ಅವಳನ್ನು ಕಂಡು ನಾನು ಎದ್ದು ನಿಂತೆ. ಅವಳ ಮುಖ ಮಾತ್ರ ತೊಳೆದಿಟ್ಟಂತೆ ಹೊಳೆಯುತ್ತಿತ್ತು, ನಗುತ್ತಿದ್ದಳು.

"ಇವತ್ತು ಆಗಲ್ಲಂತೆ ಅಕ್ಕಾರೆ," ಎಂದ ಗಂಡ. "ಒಳಗೆ ಕರ್ಕೊಂಡು ಹೋಗಿ, ಏನಾದ್ರೂ ತಿಂದ್ರಾ ಕುಡಿದ್ರಾ ಅಂತ ಕೇಳಿದ್ರು. ಇವಳು ಹಾಲು ಕುಡಿದೀನಿ ಅಂದ್ಲು. ಮಂಪರು ಕೊಡೋ ಡಾಕ್ಟ್ರು ಬಾಳ ಸಿಟ್ಟಾದ್ರು. ಹಾಲು ಅಂದ್ರೆ ಊಟ ಇದ್ದಂಗೆ, ಮಂಪರಾಗೆ ವಾಂತಿ ಆಗಿ ಉಸಿರಿನ ಕಡೆ ಹೋದ್ರೆ ಜೀವಕ್ಕೆ ಅಪಾಯ ಅಂದ್ರು. ದೊಡ್ಡ ಡಾಕ್ಟ್ರು ಮಧ್ಯಾಹ್ನ ಹೊರಡ್ತಾರೆ, ಆಮೇಲೆ ಮಾಡಾಕೆ ಟೈಮಿಲ್ಲ. ಇನ್ನು ಹದಿನೈದು ದಿನ ಬಿಟ್ಟು ಬರ್ರಿ ಅಂದ್ರು."

ನಾನು ಗಲ್ಲಾ ಬಿಟ್ಟು ಸೀದಾ ಆಸ್ಪತ್ರೆಗೆ ನಡೆದೆ. ಕೈಕಾಲು ಹಿಡಿಯಬೇಕೆಂದು ಹೋದವಳು ಅಲ್ಲಿ ಮಾಡಿದ್ದು ಜಗಳ. ಒಂದು ಲೋಟ ಹಾಲಿಗೆ ಇಷ್ಟು ದೊಡ್ಡದು ಮಾಡುತ್ತೀರಲ್ಲ ಎಂದೆ. ಎರಡು ತಿಂಗಳು ಒದ್ದಾಡಿ ನಾನು ಒಪ್ಪಿಸಿ ಕಳಿಸಿದರೆ ನೀವು ಬಾಗಿಲಿಂದ ವಾಪಸ್ ಅಟ್ಟುತ್ತೀರಲ್ಲ ಎಂದೆ. ಚಿಕ್ಕ ವಯಸ್ಸಿನ ನರ್ಸು ನನ್ನ ಮಾತೆಲ್ಲ ಮುಗಿಯುವ ತನಕ ಕೇಳಿಸಿಕೊಂಡಳು.

"ಹಾಲು ಕೊಟ್ಟಿದ್ದು ನೀವೇನಾ ಅಮ್ಮ?" ಎಂದಳು. ಆಮೇಲೆ ಮೆಲ್ಲಗೆ, "ಇವತ್ತು ವಾಪಸ್ ಹೋದೋರು ಮತ್ತೆ ಬರಲ್ಲ ಅಮ್ಮ. ನಾವು ಬಾಳ ಜನನ್ನ ನೋಡೀವಿ," ಎಂದಳು.

ಬಂದೇ ಬರುತ್ತಾಳೆ, ನೋಡುತ್ತಿರು ಎಂದು ಹೇಳಿ ಬಂದೆ. ಹೋಟೆಲಿಗೆ ಬಂದರೆ ಅವಳು ಎರಡನೇ ದೋಸೆ ತಿನ್ನುತ್ತಿದ್ದಳು. ಅಷ್ಟು ಆಸೆಯಿಂದ ತಿಂದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಯಾರೂ ನನ್ನ ಮೇಲೆ ಸಿಟ್ಟಾಗಿರಲಿಲ್ಲ. ನನಗೂ ಹಗುರವಾಯಿತು, ನಿಜ ಹೇಳಬೇಕು. ಅವಳ ಜೊತೆ ಕೂತು ನಾನೂ ನಕ್ಕೆ.

ಹದಿನೈದು ದಿನ ಕಳೆದು ಆ ಸೋಮವಾರ ಬಂತು. ಅವರು ಬರಲಿಲ್ಲ. ಬಸ್ಸು ತಪ್ಪಿರಬೇಕು ಎಂದು ಹನ್ನೊಂದರ ತನಕ ಬಾಗಿಲು ನೋಡಿದೆ. ಫೋನು ಮಾಡಿದರೆ ಗಂಡ ಎತ್ತಿಕೊಂಡ. "ಮನ್ಯಾಗೆ ಎಲ್ರೂ ಕೂತು ಮಾತಾಡಿದ್ವಿ ಅಕ್ಕಾರೆ. ಅಷ್ಟು ದೂರ ಹೋದೋಳು ಆಪರೇಷನ್ ಮೇಜಿನ ತನಕ ಹೋಗಿ ವಾಪಸ್ ಬಂದ್ಲು ಅಂದ್ರೆ ಅದು ಸುಮ್ನೆ ಅಲ್ಲ ಅಂದ್ರು ಹಿರಿಯರು. ಊರ ದೇವ್ರ ಹತ್ರ ಹೂವು ಕೇಳಿದ್ವಿ. ಎಡಕ್ಕೆ ಕೊಟ್ಟ."

ನಮ್ಮ ಕಡೆ ದೊಡ್ಡ ಕೆಲಸಕ್ಕೆ ಮುಂಚೆ ಹೀಗೆ ಕೇಳುತ್ತಾರೆ. ದೇವರ ತಲೆಯ ಮೇಲೆ ಹೂವಿಟ್ಟು ಕಾಯುತ್ತಾರೆ. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ನಾನೂ ಎಷ್ಟೋ ಸಲ ಕೇಳಿದವಳೇ. ನಮ್ಮ ಮಗಳ ಸಂಬಂಧ ನೋಡುವಾಗ ಕೇಳಿದ್ದೆ. ಈಗ ಅವನಿಗೆ ಏನೆಂದು ಹೇಳಲಿ? ಹೂವು ಬಿಡು, ಡಾಕ್ಟರ ಮಾತು ಕೇಳು ಎಂದೆ. ಡಾಕ್ಟರು ನೀರೂ ಬೇಡ ಎಂದಾಗ ಅವರ ಮಾತು ಕೇಳದವಳು ನಾನು, ಈ ಮಾತು ನನ್ನ ಬಾಯಿಂದಲೇ ಬರುತ್ತಿತ್ತು. ದಿನಕ್ಕೆ ಎರಡು ಸಲ ಫೋನು ಮಾಡಿದೆ. ಕೆಲವು ದಿನದ ಮೇಲೆ ಅವರು ಎತ್ತುವುದನ್ನು ಬಿಟ್ಟರು.

ಯಜಮಾನರು ಆವತ್ತಿನ ಹಾಲಿನ ಸುದ್ದಿಯನ್ನು ಒಂದು ಸಲವೂ ಎತ್ತಿರಲಿಲ್ಲ. ಎತ್ತಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಒಂದು ಬೆಳಗ್ಗೆ ಹಿಟ್ಟು ಕಲೆಸುತ್ತಾ, "ಫೋನ್ ಮಾಡಿದ್ರೆ ಆಗಲ್ಲ. ಹೋಗಿ ಬಾ," ಎಂದಷ್ಟೇ ಹೇಳಿದರು.

ಹರಿಹರಕ್ಕೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಆಟೋ ಹಿಡಿದು ಸಾರಥಿಗೆ ಹೋದೆ. ಭತ್ತದ ಗದ್ದೆ ಹಸಿರಾಗಿತ್ತು, ಕಾಲುವೆ ತುಂಬಿತ್ತು. ದಾರಿಯುದ್ದಕ್ಕೂ ಏನೇನು ಹೇಳಬೇಕು ಎಂದು ಜೋಡಿಸಿಕೊಂಡೆ. ಮೆಟ್ಟಿಲ ಮೇಲೆ ನಿಂತ ಗುರುತಿಲ್ಲದವರನ್ನು ಒಂದೇ ಮಾತಿಗೆ ಒಳಗೆ ಕರೆದು ಕೂರಿಸುವವಳು ನಾನು, ಒಬ್ಬಳನ್ನು ಎಬ್ಬಿಸಿ ಕರೆತರಲಾರೆನೇ?

ಅವಳು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಳು. ಮುಖ ಇಳಿದಿತ್ತು, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಕೈಗೆ ಮತ್ತೆ ಹಸಿರು ಬಳೆ ಬಂದಿದ್ದವು. ನನ್ನನ್ನು ನೋಡಿದ್ದೇ ತಡ, ಅಕ್ಕಪಕ್ಕದ ಹೆಂಗಸರನ್ನು ಕೂಗಿ ಕರೆದಳು. "ಬರ್ರೇ, ಹೇಳ್ತಿದ್ನಲ್ಲ, ಇವ್ರೇ ನೋಡ್ರಿ. ನನ್ನ ಕತ್ತರಿಯಿಂದ ಉಳಿಸಿದ ಅಕ್ಕಾರು."

ನಾಲ್ಕೈದು ಜನ ಹೆಂಗಸರು ಬಂದು ನನ್ನ ಕೈ ಹಿಡಿದು ನೋಡಿದರು. ಒಬ್ಬ ಮುದುಕಿ ನನ್ನ ಗಲ್ಲ ಸವರಿ ಲಟಿಕೆ ತೆಗೆದಳು.

"ನಾನು ಉಳಿಸ್ಲಿಲ್ಲ ತಂಗಿ. ನಾನು ಕೆಡಿಸಿದೆ," ಎಂದೆ. "ಅವ್ರು ಬ್ಯಾಡ ಅಂದಿದ್ರು, ನಾನು ಬೇಕಂತಲೇ ಕೊಟ್ಟೆ. ತಪ್ಪು ನಂದು. ನಾನು ಕೊಡದೇ ಇದ್ರೆ ನಿನಗೆ ಇಷ್ಟೊತ್ತಿಗೆ ಗುಣ ಆಗಿರ್ತಿತ್ತು."

"ನೋಡ್ರಿ, ಎಷ್ಟು ತಗ್ಗಿ ಮಾತಾಡ್ತಾರೆ," ಎಂದಳು ಅವಳು ಆ ಹೆಂಗಸರಿಗೆ. "ನೀವು ಹಂಗೆ ಅನ್ನಬ್ಯಾಡ್ರಿ ಅಕ್ಕಾರೆ. ನಿಮ್ಮ ಕೈಲಿ ದೇವ್ರೇ ಕೊಡ್ಸ್ಯಾನೆ. ಆಮ್ಯಾಲೆ ಹೂವು ಕೇಳಿದ್ರೂ ಅದನ್ನೇ ಹೇಳಿದ."

ನಾನು ತಪ್ಪು ಎಂದಷ್ಟೂ ಅವರು ಅದನ್ನು ದೊಡ್ಡತನ ಎಂದುಕೊಂಡರು. ನನಗೆ ಸಿಟ್ಟು ಬಂತು. ಅವಳ ಮೇಲೆ ಬಂತೋ, ಆ ಮುದುಕಿಯ ಮೇಲೋ, ಯಾರ ಮೇಲೆ ಎಂದು ಈಗಲೂ ಹೇಳಲಾರೆ. ಅವಳ ರಟ್ಟೆ ಹಿಡಿದು, "ನಡಿ, ಆಟೋ ನಿಂತೈತೆ, ಈಗಲೇ ನಡಿ," ಎಂದು ಎಳೆದೆ. ಅವಳು ನೋವಿಗೆ ಮುಖ ಕಿವುಚಿದಳು. ಆಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ತಟ್ಟಿದಳು. "ಉಂಡು ಹೋಗ್ರಿ. ನಮ್ಮ ಮನಿಗೆ ಬಂದು ಹಂಗೇ ಹೋಗಂಗಿಲ್ಲ," ಎಂದಳು. ನಾನು ಉಂಡೆ. ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಸಾರು. ಅವಳು ಎದುರಿಗೆ ಕೂತು ಬಡಿಸಿದಳು, ತಾನು ಏನೂ ತಿನ್ನಲಿಲ್ಲ.

ಆಟೋದ ತನಕ ಬಿಡಲು ಮಗಳು ಬಂದಳು. ಹದಿನೆಂಟರ ಹುಡುಗಿ, ಅಪ್ಪನ ಎತ್ತರ. ನಾನು ಆಟೋ ಹತ್ತಿ ಕೂತ ಮೇಲೆ ಬಗ್ಗಿ ಕೇಳಿದಳು: "ಆಂಟಿ, ಅವತ್ತು ಅಮ್ಮ ಹಾಲು ಕುಡೀದೇ ಇದ್ದಿದ್ರೆ ಆಪರೇಷನ್ ಆಗಿರ್ತಿತ್ತು ಅಲ್ವಾ?"

"ಹೂಂ," ಎಂದೆ.

ಅವಳು ತಲೆಯಾಡಿಸಿದಳು, ಅಷ್ಟೇ. ಬೈಯಲಿಲ್ಲ, ಅಳಲಿಲ್ಲ. ದುಪಟ್ಟಾ ಸರಿಮಾಡಿಕೊಂಡು ಮನೆಯ ಕಡೆ ನಡೆದಳು.

ಮತ್ತೆ ಅವರು ದಾವಣಗೆರೆಗೆ ಬಂದದ್ದು ಮೂರು ತಿಂಗಳ ಮೇಲೆ, ನೋವು ತಡೆಯಲಾರದೆ. ಡಾಕ್ಟರು ನೋಡಿ, ಎಲ್ಲ ಕಡೆ ಹಬ್ಬಿದೆ, ಈಗ ಮುಟ್ಟುವ ಹಾಗಿಲ್ಲ, ನೋವಿಗೆ ಗುಳಿಗೆ ಕೊಡುತ್ತೇವೆ ಎಂದು ಕಳಿಸಿದರು. ಗಂಡ ಒಬ್ಬನೇ ಒಳಗೆ ಬಂದು ಹೇಳಿದ. ಅವಳು ಹೊರಗೆ ಆಟೋದಲ್ಲಿ ಕೂತಿದ್ದಳು, ನಮ್ಮ ಎರಡು ಮೆಟ್ಟಿಲು ಹತ್ತುವ ಶಕ್ತಿ ಇರಲಿಲ್ಲ. ನಾನು ಅವಳ ಹತ್ತಿರ ಹೋಗಿ ನಿಂತೆ. ಸೀಟಿನಿಂದ ಜಾರಿದ್ದ ಅವಳ ಸೆರಗನ್ನು ಎತ್ತಿ ಮಡಿಲಲ್ಲಿಟ್ಟೆ. ಅವಳೇ ನಕ್ಕು, "ನೋಡಿದ್ರೇನ್ರಿ, ಕತ್ತರಿ ಬ್ಯಾಡ ಅಂತ ಅವ್ರೇ ಒಪ್ಪಿಕೊಂಡ್ರು," ಎಂದಳು.

ಆಮೇಲೆ ನಾನು ಯಾರಿಗೂ ಹಾಲು ಕೊಟ್ಟಿಲ್ಲ. ಹಳಬರು ಬಂದು ಕೇಳುತ್ತಾರೆ. ಮಗಳನ್ನು ಹೆರಿಗೆಗೆ ಸೇರಿಸುತ್ತಿದ್ದೇವೆ, ನಿಮ್ಮ ಕೈಯ ಹಾಲು ಬೇಕು ಎನ್ನುತ್ತಾರೆ. ಹಾಲು ಮುಗಿದಿದೆ ಎನ್ನುತ್ತೇನೆ. ಚಹಾದ ಹಾಲು ಕಣ್ಣೆದುರಿಗೇ ಕುದಿಯುತ್ತಿರುತ್ತದೆ. ಬೇಜಾರು ಮಾಡಿಕೊಂಡು ಹೋಗುತ್ತಾರೆ. ಡಾಕ್ಟರು ಏನು ಹೇಳಿದ್ದಾರೆ, ಅಷ್ಟು ಮಾಡ್ರಿ ಎಂದು ಹಿಂದಿನಿಂದ ಕೂಗುತ್ತೇನೆ. ಹಾಗೆ ಕೂಗಿದರೆ ಸತ್ತವರು ಬರುವುದಿಲ್ಲ, ಇದ್ದವರು ಕೇಳುವುದೂ ಇಲ್ಲ. ಯಾವೂರು ಎಂದು ಕೇಳುವುದನ್ನೂ ಬಿಡಬೇಕೆಂದು ಒಂದು ವಾರ ಬಾಯಿ ಬಿಗಿ ಹಿಡಿದು ಕೂತೆ. ಅಮ್ಮನಿಗೆ ಹುಷಾರಿಲ್ಲವೇ ಎಂದು ಎಲ್ಲರೂ ವಿಚಾರಿಸತೊಡಗಿದರು. ಎಂಟನೇ ದಿನ ಯಾರೋ ಮೆಟ್ಟಿಲ ಮೇಲೆ ಕವರು ಹಿಡಿದು ನಿಂತಿದ್ದರು, ಬಾಯಿ ತಾನಾಗಿ ಕೇಳಿತು.

ಅವಳು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ಅವನು ಶಿವಗಣಾರಾಧನೆಯ ಕಾರ್ಡು ಹಿಡಿದು ಬಂದಾಗ. ಬೆಳಗಿನ ಹೊತ್ತು, ಮೇಜೆಲ್ಲ ತುಂಬಿತ್ತು. ಗಲ್ಲಾದ ಮುಂದೆ ನಿಂತು ಕಾರ್ಡು ಎರಡೂ ಕೈಯಲ್ಲಿ ಕೊಟ್ಟ. ಮೇಲೆ ಅವಳ ಫೋಟೋ ಇತ್ತು, ಹಳೆಯದು, ತುಂಬಿದ ಕೆನ್ನೆ. ಮಂಗಳವಾರ ಬೆಳಗಿನ ಜಾವ ಹೋದಳು ಎಂದ. ನಾನು ಅವನ ಬಾಯನ್ನೇ ನೋಡಿದೆ. ಇದು ನನ್ನ ಹಾಲಿನಿಂದ ಆದದ್ದು ಎಂದು ಇಷ್ಟು ದಿನದಲ್ಲಿ ಅವನಿಗೆ ಒಂದು ಸಲವಾದರೂ ಅನ್ನಿಸಿರಬೇಕಲ್ಲ. ಆವತ್ತು ಬೇಡ ಎಂದವನು ಅವನೇ ಅಲ್ಲವೇ? ಈಗಲಾದರೂ ಅನ್ನಲಿ, ಇಷ್ಟು ಜನರ ಮುಂದೆಯೇ ಅನ್ನಲಿ, ನಾನು ಕೇಳಿಸಿಕೊಳ್ಳುತ್ತೇನೆ ಎಂದು ಕಾದೆ.

ಅವನು ನೆಲ ನೋಡುವುದನ್ನು ಬಿಟ್ಟು ಮೊದಲ ಸಲ ನನ್ನ ಮುಖ ನೋಡಿದ.

"ಮೈಮ್ಯಾಲೆ ಒಂದು ಗಾಯ ಇಲ್ದಂಗೆ ಮಣ್ಣಿಗೆ ಇಟ್ವಿ ಅಕ್ಕಾರೆ. ಅದು ನಿಮ್ಮ ಪುಣ್ಯ. ಸಾಯೋ ಮುಂಚೆ, ಅಕ್ಕಾರ್ನ ಮೊದ್ಲು ಕರೀರಿ ಅಂದಿದ್ಲು. ಇದೇ ಮೊದಲ ಕಾರ್ಡು," ಎಂದ.

ಒಲೆಯ ಹತ್ತಿರ ಯಜಮಾನರ ಕೈ ನಿಂತಿತು. ನಾನು ಕಾರ್ಡನ್ನು ಕಣ್ಣಿಗೊತ್ತಿಕೊಂಡೆ. ಅವನು ಇನ್ನೂ ನಿಂತೇ ಇದ್ದ, ಹಸಿದ ಮುಖ, ಬಸ್ಸಿನ ಧೂಳು.

"ಕೂಡ್ರಿ, ಯಾಕ ನಿಂತೀರಿ," ಎಂದೆ.